ಪೈಪು ಖಾಸಗಿ, ಚಳಿ ಸಾರ್ವಜನಿಕ

ಯುರೋಪಿಯನ್ ಒಕ್ಕೂಟ ಎಂಬುದು 27 ಮಂದಿಯ ಕೂಡುಕುಟುಂಬ. ಒಲೆ ಒಂದೇ ಎಂದು ಹೇಳಿಕೊಳ್ಳುತ್ತಾರೆ. ಸೌದೆ ಯಾರು ಎಲ್ಲಿಂದ ತರುತ್ತಾರೆಂದು ಮಾತ್ರ ಕೇಳಬಾರದು. ಕೇಳಿದರೆ ದೊಡ್ಡಣ್ಣ ಜರ್ಮನಿಗೆ ಸಿಟ್ಟು.

ದೊಡ್ಡಣ್ಣನ ಸೌದೆ ರಷ್ಯಾದ್ದಾಗಿತ್ತು. 2011ರಲ್ಲಿ ಬಾಲ್ಟಿಕ್ ಸಮುದ್ರದಡಿಯ ನಾರ್ಡ್ ಸ್ಟ್ರೀಮ್ ಪೈಪಿನಲ್ಲಿ ಗ್ಯಾಸ್ ಹರಿಯಿತು. ಅದಕ್ಕೆ ಆಶೀರ್ವಾದ ಮಾಡಿದ್ದ ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್, 2005ರಲ್ಲಿ ಕುರ್ಚಿ ಬಿಟ್ಟ ಕೆಲವೇ ತಿಂಗಳಿಗೆ ಅದೇ ಪೈಪಿನ ಕಂಪನಿಯಲ್ಲಿ ಕುರ್ಚಿ ಹಿಡಿದರು. ಮದುವೆ ಮಾಡಿಸಿದ ಪುರೋಹಿತರೇ ಬೀಗರ ಮನೆಯ ಯಜಮಾನರಾದಂತೆ!

2014ರಲ್ಲಿ ರಷ್ಯಾ ಕ್ರೈಮಿಯಾವನ್ನು ನುಂಗಿತು. ಮರುವರ್ಷವೇ ಎರಡನೇ ಪೈಪಿಗೆ ಒಪ್ಪಂದ. ‘ಅಣ್ಣಾ, ಬೇಡ’ ಎಂದು ಪೋಲೆಂಡ್, ಬಾಲ್ಟಿಕ್ ತಮ್ಮಂದಿರು ಬೊಬ್ಬೆ ಹಾಕಿದರು. ಆಂಗೆಲಾ ಮರ್ಕೆಲ್ ಸರ್ಕಾರ ಬಹುಕಾಲ ಹೇಳಿದ್ದು ಒಂದೇ: ಇದು ರಾಜಕೀಯವಲ್ಲ, ವ್ಯಾಪಾರ. ಅಳಿಯ ಅಲ್ಲ, ಮಗಳ ಗಂಡ.

2021ರಲ್ಲಿ ಜರ್ಮನಿಯ ಮೆಕ್ಲೆನ್‌ಬುರ್ಗ್-ಫೋರ್‌ಪೊಮರ್ನ್ ರಾಜ್ಯ, ಈ ಎರಡನೇ ಪೈಪಿನ ಕೆಲಸಕ್ಕೆ ಅಮೆರಿಕದ ನಿರ್ಬಂಧ ತಟ್ಟದಿರಲೆಂದು ಒಂದು ಪ್ರತಿಷ್ಠಾನ ಹುಟ್ಟುಹಾಕಿತು. ಅದರ ಬೋರ್ಡಿನ ಮೇಲೆ ಬರೆದದ್ದು: ಹವಾಮಾನ ರಕ್ಷಣೆ. ಸರ್ಕಾರ ಹಾಕಿದ್ದು 2 ಲಕ್ಷ ಯೂರೊ. ರಷ್ಯಾದ ಗ್ಯಾಸ್ ಕಂಪನಿ ಗಾಜ್‌ಪ್ರೋಮ್ ಒಡೆತನದ ಪೈಪು ಕಂಪನಿ ಕೊಟ್ಟಿದ್ದು 2 ಕೋಟಿ. ಬೆಕ್ಕೇ ಸಂಬಳ ಕೊಟ್ಟು ಹಾಲಿಗೆ ಕಾವಲು ಇಟ್ಟಿತ್ತು.

2022ರಲ್ಲಿ ಯುಕ್ರೇನ್ ಮೇಲೆ ಯುದ್ಧ ಬಿತ್ತು, ಗ್ಯಾಸು ಸೊರಗಿತು. ಅಲ್ಲಿಯತನಕ ಖಾಸಗಿಯಾಗಿದ್ದ ವ್ಯಾಪಾರಕ್ಕೆ ಇದ್ದಕ್ಕಿದ್ದಂತೆ ನೆಂಟಸ್ತನ ನೆನಪಾಯಿತು. ಎಲ್ಲರೂ ಶೇ 15ರಷ್ಟು ಗ್ಯಾಸ್ ಉಳಿಸಬೇಕೆಂದು ಬ್ರಸೆಲ್ಸ್ ಹೇಳಿದಾಗ ದೊಡ್ಡಣ್ಣ ಗಟ್ಟಿಯಾಗಿ ತಲೆಯಾಡಿಸಿದ. ರಷ್ಯಾವನ್ನು ಅಷ್ಟಾಗಿ ನೆಚ್ಚದ ಸ್ಪೇನಿನ ಸಚಿವೆ ತೆರೇಸಾ ರಿಬೇರಾ ಮಾತ್ರ, ತಾವು ಹಾಸಿಗೆ ಇದ್ದಷ್ಟೇ ಕಾಲು ಚಾಚಿದವರು ಎಂಬರ್ಥದ ಮಾತಾಡಿ ಚುಚ್ಚಿದರು.

ಚಳಿ ಹಂಚಿದ್ದಾಯಿತು, ಕಂಬಳಿ? ಸೆಪ್ಟೆಂಬರಿನಲ್ಲಿ ಜರ್ಮನಿ ತನ್ನವರಿಗಾಗಿ 20,000 ಕೋಟಿ ಯೂರೊಗಳ ಕಂಬಳಿ ಘೋಷಿಸಿತು. ಗ್ಯಾಸ್ ಬೆಲೆಗೆ ಎಲ್ಲರಿಗೂ ಒಂದೇ ಮಿತಿ ಹಾಕೋಣವೆಂದು ಉಳಿದವರು ಕೇಳಿದರೆ, ಮಾರುವವರು ಮುನಿಸಿಕೊಂಡಾರೆಂದು ಡಿಸೆಂಬರಿನವರೆಗೂ ಮೀನಮೇಷ ಎಣಿಸಿತು.

ಅದೇ ಸೆಪ್ಟೆಂಬರ್ 26ರ ಸ್ಫೋಟಗಳಲ್ಲಿ ಪೈಪುಜೋಡಿಯ ನಾಲ್ಕು ಕೊಳವೆಗಳ ಪೈಕಿ ಮೂರು ಒಡೆದವು. ಇನ್ನಾದರೂ ಅದನ್ನು ಕುಟುಂಬದ ಆಸ್ತಿಯೆಂದು ಸಮಪಾಲು ಮಾಡಬಹುದು. ದೊಡ್ಡಣ್ಣ ಬೇಡವೆನ್ನಲಾರ, ನಷ್ಟ ಹಂಚುವುದರಲ್ಲಿ ಅವನು ಎಂದೂ ಜಿಪುಣನಲ್ಲ.