ಹಪ್ಪಳ, ಮಂಚ ಮತ್ತು ಎಂಬತ್ತು ರೂಪಾಯಿ

ಮನಸ್ಸು ಗಟ್ಟಿ ಇದ್ದರೆ ಎಲ್ಲ ಆಗ್ತದೆ ಅನ್ನುವ ಮಾತು ಕೇಳಿದರೆ ನನಗೆ ಈಚೆಗೆ ಸಿಟ್ಟೇ ಬರುತ್ತದೆ. ಮಾತು ಪೂರ್ತಿ ಸುಳ್ಳು ಅಂತಲ್ಲ. ಅದನ್ನು ಕೇಳಿಸಿಕೊಂಡು ಬಂದವರು ಆಮೇಲೆ ತಮ್ಮನ್ನು ತಾವೇ ಹಳಿದುಕೊಳ್ಳುತ್ತಾರಲ್ಲ, ಅದಕ್ಕೆ. ನಮ್ಮ ಬೇಲಿಯಾಚೆಯ ಅಕ್ಕ ಹಲಸಿನ ಹಪ್ಪಳ ಮಾಡಿ ಮಾರುತ್ತಾರೆ. ಮೊನ್ನೆ ದಣಪೆಯ ಹತ್ತಿರ ನಿಂತು, "ಸಣ್ಣ ಉದ್ಯಮದವರಿಗೆ ಅಂತ ಪೇಟೆಯಲ್ಲಿ ಒಬ್ಬರು ಭಾಷಣ ಮಾಡಿದರು ಮಾರಾಯ್ತಿ. ಬೆಳಿಗ್ಗೆ ಐದಕ್ಕೆ ಏಳಬೇಕಂತೆ. ಗುರಿಯನ್ನು ಪುಸ್ತಕದಲ್ಲಿ ಬರೆದು ದಿನಾ ಓದಬೇಕಂತೆ. ಬಡವರ ಥರ ಯೋಚಿಸೂದು ಬಿಡಬೇಕಂತೆ. ಇಷ್ಟು ವರ್ಷ ಹಪ್ಪಳ ಮಾಡಿಯೂ ಮೇಲೆ ಬರಲಿಲ್ಲ ಅಂದರೆ ನನ್ನಲ್ಲೇ ಏನೋ ಕಮ್ಮಿ ಇರಬೇಕು" ಅಂದರು.

ಏಪ್ರಿಲ್, ಮೇ ತಿಂಗಳಲ್ಲಿ ಅಕ್ಕನ ಅಡುಗೆಮನೆಯ ದೀಪ ಐದಕ್ಕೂ ಮುಂಚೆಯೇ ಹೊತ್ತಿರುತ್ತದೆ. ಕೈಗೆ ಮೇಣ ಹತ್ತದಂತೆ ಕೊಬ್ಬರಿ ಎಣ್ಣೆ ಸವರಿಕೊಂಡು ಬಲಿತ ಹಲಸಿನಕಾಯಿ ಕೊಯ್ಯಬೇಕು, ಸೊಳೆ ಬಿಡಿಸಿ ಬೇಯಿಸಬೇಕು, ಬಿಸಿ ಆರುವ ಮುಂಚೆ ಮೆಣಸು, ಉಪ್ಪು, ಕೊತ್ತಂಬರಿ ಹಾಕಿ ಒರಳಲ್ಲಿ ಕುಟ್ಟಬೇಕು. ಉಂಡೆ ಕಟ್ಟಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತಿ, ಬಿಸಿಲೇರುವ ಹೊತ್ತಿಗೆ ಚಾಪೆಯ ಮೇಲೆ ಹರಡಿ ಆಗಿರಬೇಕು. ಒಂದು ಬದಿ ಒಣಗಿದ ಮೇಲೆ ಒಂದೊಂದನ್ನೂ ಮಗುಚಬೇಕು. ಎರಡು ಮೂರು ದಿನ ಗಟ್ಟಿ ಬಿಸಿಲು ಸಿಗದಿದ್ದರೆ ಒಳಗೆ ಪಸೆ ಉಳಿದು, ಡಬ್ಬದಲ್ಲಿಟ್ಟ ಮೇಲೆ ಬೂಷ್ಟು ಬರುತ್ತದೆ. ಮಳೆ ಹಿಡಿದರಂತೂ ಮುಗಿಯಿತು: ಹಲಸು ಮರದಲ್ಲಿ ಇನ್ನೂ ತೂಗುತ್ತಿರುತ್ತದೆ, ಬಿಸಿಲು ಇರುವುದಿಲ್ಲ. ಇಷ್ಟು ಮಾಡುವ ಹೆಂಗಸಿಗೆ ಕಮ್ಮಿ ಇರುವುದು ಮನಸ್ಸಿನ ಗಟ್ಟಿತನ ಅಂತ ಹೇಳಲು ಅವರ ಅಂಗಳ ನೋಡಿದ ಯಾರಿಗೂ ಬಾಯಿ ಬರಲಾರದು.

ಭಾಷಣದಲ್ಲಿ ಲಿಜ್ಜತ್ ಪಾಪಡ್ ಕತೆಯೂ ಬಂತಂತೆ. "ಏಳು ಹೆಂಗಸರು, ಎಂಬತ್ತು ರೂಪಾಯಿ ಸಾಲ, ಇವತ್ತು ಕೋಟಿಗಟ್ಟಲೆ ವ್ಯಾಪಾರ. ಅವರಿಗೆ ಆಗಿದ್ದು ನಿಮಗೆ ಯಾಕೆ ಆಗೂದಿಲ್ಲ ಅಂತ ಕೇಳಿದರು. ನಮ್ಮಲ್ಲಿ ಒಬ್ಬರಿಗೂ ಉತ್ತರ ಹೊಳೆಯಲಿಲ್ಲ."

ಉತ್ತರ ಆ ಕತೆಯಲ್ಲೇ ಇದೆ ಅಕ್ಕ, ಹೇಳುವವರು ಅಷ್ಟನ್ನು ಬಿಟ್ಟು ಹೇಳುತ್ತಾರೆ ಅಂದೆ. 1959ರ ಮಾರ್ಚ್ 15ರಂದು ಮುಂಬೈಯ ಗಿರ್‌ಗಾಂವ್‌ನ ಒಂದು ಕಟ್ಟಡದ ತಾರಸಿಯಲ್ಲಿ ಏಳು ಗುಜರಾತಿ ಹೆಂಗಸರು ಕೂತು ಹಪ್ಪಳ ಲಟ್ಟಿಸಿದ್ದು ನಿಜ. ಎಂಬತ್ತು ರೂಪಾಯಿಯೂ ನಿಜ. ಅವರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು, ಬರಬೇಕಾದ್ದೇ. ಆದರೆ ಮೊದಲ ವರ್ಷದ ಮಳೆಗಾಲದಲ್ಲಿ ಅವರೂ ನಾಲ್ಕು ತಿಂಗಳು ಕೆಲಸ ನಿಲ್ಲಿಸಬೇಕಾಯಿತು. ಹಪ್ಪಳ ಒಣಗಲಿಲ್ಲ, ಅಷ್ಟೇ. ಮರುವರ್ಷ ಒಂದು ಮಂಚ, ಒಂದು ಸ್ಟವ್ ಕೊಂಡರು. ಮಂಚದ ಮೇಲೆ ಹಪ್ಪಳ ಹರಡಿ, ಕೆಳಗೆ ಸ್ಟವ್ ಹೊತ್ತಿಸಿಟ್ಟು ಮಳೆಯಲ್ಲೂ ಒಣಗಿಸಿದರು. ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ ಆ ಮಂಚ. ಆ ಏಳು ಜನರ ಮನಸ್ಸು ಹಿಂದಿನ ವರ್ಷವೂ ಅಷ್ಟೇ ಗಟ್ಟಿ ಇತ್ತು, ಮಂಚ ಇರಲಿಲ್ಲ.

ಸಾಲ ಕೊಟ್ಟ ಛಗನ್‌ಲಾಲ್ ಪಾರೇಖ್ ದುಡ್ಡು ಕೊಟ್ಟು ಕೈ ತೊಳೆದುಕೊಂಡವರಲ್ಲ. ಲೆಕ್ಕ ಸರಿಯಾಗಿ ಇಡಬೇಕು, ಒಂದೇ ದರ್ಜೆಯ ಹಪ್ಪಳ ಮಾಡಬೇಕು, ಗುಣಮಟ್ಟ ಇಳಿಸಬಾರದು ಅಂತ ಜೊತೆಗೆ ನಿಂತು ತಿದ್ದಿದರು. ಮೊದಲ ದಿನದ ನಾಲ್ಕು ಪೊಟ್ಟಣ ಕೊಳ್ಳಲು ಭುಲೇಶ್ವರದಲ್ಲಿ ಪರಿಚಯದ ವ್ಯಾಪಾರಿ ಇದ್ದರು. 1966ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಲಿಜ್ಜತ್ ಅನ್ನು ಗ್ರಾಮೋದ್ಯೋಗ ಅಂತ ಮಾನ್ಯ ಮಾಡಿ ದುಡಿಯುವ ಬಂಡವಾಳ ಅಂತ ಎಂಟು ಲಕ್ಷ ರೂಪಾಯಿ ಕೊಟ್ಟಿತು, ಕೆಲವು ತೆರಿಗೆಗಳ ವಿನಾಯಿತಿಯೂ ಸಿಕ್ಕಿತು. ಆ ಕಾಲದ ಎಂಟು ಲಕ್ಷ! ವೇದಿಕೆಯ ಮೇಲೆ ಎಂಬತ್ತು ರೂಪಾಯಿ ಮಾತ್ರ ಉಳಿದು ಎಂಟು ಲಕ್ಷ ಮಾಯವಾಗುವುದು ಹೇಗೆ ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

ಇನ್ನೊಂದು ಸಂಗತಿ ಹೇಳಿದಾಗ ಅಕ್ಕ ದಣಪೆಗೆ ಒರಗಿ ನಿಂತರು. ಅದೇ ಲಿಜ್ಜತ್ 1961ರಲ್ಲಿ ಮುಂಬೈಯದೇ ಮಲಾಡ್‌ನಲ್ಲಿ ಶಾಖೆ ತೆರೆಯಿತು. ಅದು ನಡೆಯಲಿಲ್ಲ. ಅದೇ ಹಪ್ಪಳ, ಅದೇ ಊರು, ಹೆಂಗಸರೂ ಅಂಥವರೇ. ಮುಂದೆ ಬೆಂಕಿಪೆಟ್ಟಿಗೆ, ಚರ್ಮದ ಸಾಮಾನು ಅಂತ ಕೈಹಾಕಿದ್ದೂ ಕೈಗೂಡಲಿಲ್ಲ.

"ಹಾಗಾದರೆ ಮಲಾಡಿನವರ ಮನಸ್ಸು ಗಟ್ಟಿ ಇರಲಿಲ್ಲ ಅಂತಲಾ?"

"ಅದನ್ನೇ ಭಾಷಣ ಮಾಡಿದವರ ಹತ್ತಿರ ಕೇಳಬೇಕಿತ್ತು ಅಕ್ಕ."

ಅಂಥ ಭಾಷಣಗಳಿಗೆ ಜನ ಯಾಕೆ ಹೋಗುತ್ತಾರೆ ಅನ್ನುವುದು ನನಗೆ ಗೊತ್ತಿಲ್ಲದ್ದಲ್ಲ. ಮನೆಯಲ್ಲಿ ಕೂತು ಒಬ್ಬಳೇ ದುಡಿಯುವ ಹೆಂಗಸಿಗೆ "ನಿನ್ನಿಂದ ಆಗ್ತದೆ" ಅಂತ ಹೇಳುವವರು ಎಷ್ಟು ಜನ? ಗಂಡ ಹೇಳುವುದಿಲ್ಲ, ಅತ್ತೆ ಹೇಳುವುದಿಲ್ಲ, ಬ್ಯಾಂಕಿನವರಂತೂ ಕೇಳಲೇಬೇಡಿ. ಆ ಒಂದು ಮಾತಿಗಾಗಿ ಬಸ್ಸು ಹತ್ತಿ ಹೋಗುವುದು ತಪ್ಪಲ್ಲ. ಅಕ್ಕ ಹೇಳಿದ ಹಾಗೆ, "ಕೇಳುವಾಗ ಧೈರ್ಯ ಬರ್ತದೆ." ಬರಲಿ. ಆದರೆ ಆ ಧೈರ್ಯದ ಬೆನ್ನಿಗೇ ಒಂದು ಅಪವಾದವೂ ಬರುತ್ತದೆ. ಗೆದ್ದರೆ ಅದು ಹೇಳಿಕೊಟ್ಟವರ ಸೂತ್ರದಿಂದ, ಸೋತರೆ ನಿಮ್ಮ ಮನಸ್ಸಿನ ದೋಷದಿಂದ. ಮಳೆ ಬಂದಿದ್ದು, ಎಣ್ಣೆಯ ಬೆಲೆ ಏರಿದ್ದು, ಅಂಗಡಿಯವರು ದುಡ್ಡು ಕೊಡದೇ ಇದ್ದದ್ದು ಯಾವುದೂ ಲೆಕ್ಕಕ್ಕೇ ಬರುವುದಿಲ್ಲ.

ಅಂಗಡಿಯ ಮಾತು ಬಂದಾಗಲೇ ಅಕ್ಕನ ನಿಜವಾದ ತೊಂದರೆ ಹೊರಬಿದ್ದದ್ದು. ಪೇಟೆಯ ಒಂದು ಅಂಗಡಿಗೆ ಬೇಸಿಗೆಯಲ್ಲಿ ಕೊಟ್ಟ ಹಪ್ಪಳದ ದುಡ್ಡು ಇನ್ನೂ ಬಂದಿಲ್ಲ. ಹೋದಾಗಲೆಲ್ಲ "ಮುಂದಿನ ವಾರ ನೋಡುವ" ಅನ್ನುತ್ತಾರಂತೆ. ಆ ದುಡ್ಡು ಕೈಗೆ ಬಂದಿದ್ದರೆ ಮೆಣಸು ಅಗ್ಗ ಇದ್ದಾಗಲೇ ಕೊಂಡಿಡಬಹುದಿತ್ತು.

ನೋಡಿ, ಇದಕ್ಕೆ ಕಾನೂನು ಇದೆ. 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ, ನೋಂದಣಿಯಾದ ಸಣ್ಣ ಉತ್ಪಾದಕರಿಂದ ಮಾಲು ಕೊಂಡವರು ಬರಹದಲ್ಲಿ ಏನೇ ಒಪ್ಪಂದ ಮಾಡಿಕೊಂಡಿದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2020ರಲ್ಲಿ ಬಂದ ಉದ್ಯಮ್ ನೋಂದಣಿಗೆ ಒಂದು ಪೈಸೆಯೂ ಖರ್ಚಿಲ್ಲ. ಭಾಷಣದಲ್ಲಿ ಇದನ್ನು ಹೇಳಿದರಾ ಅಂತ ಕೇಳಿದೆ. ಇಲ್ಲವಂತೆ.

"ದೂರು ಕೊಟ್ಟರೆ ನಾಳೆಯಿಂದ ಹಪ್ಪಳ ತಗೊಳ್ಳೂದಿಲ್ಲ ಅವರು" ಅಂದರು ಅಕ್ಕ. ಇದು ನೂರಕ್ಕೆ ನೂರು ಸರಿಯಾದ ಮಾತು, ಕಾನೂನು ಬರೆದವರೂ ಯೋಚಿಸಬೇಕಾದ್ದು. ಆದರೂ ಕೊಡುವಾಗ ಒಂದು ಬಿಲ್ ಬರೆದು, ತಾರೀಖು ಹಾಕಿಸಿ, ಅಂಗಡಿಯವರ ಸಹಿ ತಗೊಂಡರೆ ಕೇಳುವಾಗ ಧ್ವನಿ ಬೇರೆಯೇ ಇರುತ್ತದೆ. ಲಿಜ್ಜತ್‌ನಲ್ಲಿ ಹೆಂಗಸರು ಶಾಖೆಯಿಂದ ಹಿಟ್ಟು ಒಯ್ದು, ಮನೆಯಲ್ಲಿ ಲಟ್ಟಿಸಿ, ಮರುದಿನ ಹಪ್ಪಳ ಒಪ್ಪಿಸಿದಾಗ ಕೂಲಿ ಅಲ್ಲೇ ಕೈಗೆ ಬರುತ್ತದೆ. ಅಲ್ಲಿ ಹೆಂಗಸರು ದಶಕಗಳಿಂದ ನಿಂತಿದ್ದಾರೆ ಅಂದರೆ, ಬೇರೆ ಯಾವ ಮಾತಿಗಿಂತ ಈ ಕೈಕೂಲಿಗೆ ನಾನು ಹೆಚ್ಚು ಪಾಲು ಕೊಡುತ್ತೇನೆ.

ಬರೀ ಧೈರ್ಯದ ಮಾತು ಸಾಲದು ಅನ್ನುವುದಕ್ಕೆ ಇನ್ನೊಂದು ಉದಾಹರಣೆ: 2025ರ ಜುಲೈಯಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳವರಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸ್ ಹೋದದ್ದು ನೆನಪಿರಬೇಕು. ಯುಪಿಐ ಮೂಲಕ ಬಂದ ದುಡ್ಡು ನಲವತ್ತು ಲಕ್ಷ ದಾಟಿದೆ ಅಂತ. ಹೆದರಿ ಕ್ಯೂಆರ್ ಕೋಡ್ ಕಿತ್ತು ಬರೀ ನಗದು ಅಂದವರು ಎಷ್ಟೋ ಜನ. ಆಗ ಅವರಿಗೆ ಬೇಕಿದ್ದದ್ದು ಪಕ್ಕದಲ್ಲಿ ಕೂತು, ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಮಾಲಿನ ಲೆಕ್ಕವನ್ನು ಬೇರೆ ಬರೆದು, ಏನು ಉತ್ತರ ಕೊಡಬೇಕು ಅಂತ ಹೇಳುವ ಒಬ್ಬ ಮನುಷ್ಯ. ಅಂದ ಹಾಗೆ, ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ಇದನ್ನು ಹೇಳಿದಾಗ ಅಕ್ಕನ ಮುಖದಲ್ಲಿ ಬಂದ ಸಮಾಧಾನ ಯಾವ ಭಾಷಣದಿಂದ ಬಂದೀತು?

ಸಲಹೆ ಕೊಡುವವರನ್ನು ಅಳೆಯಲು ನಾನು ಈಗ ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೇನೆ: ಇವರ ಮಾತು ಕೇಳಿ ನಾಳೆ ಬೆಳಿಗ್ಗೆ ಅಕ್ಕ ಕೈಯಲ್ಲಿ ಏನು ಮಾಡಬಹುದು? ಬಿಲ್ ಪುಸ್ತಕ ಕೊಳ್ಳಬಹುದು. ಹಲಸು ತೋಟದ್ದೇ ಆದರೂ ಕೊಯ್ಯುವ ಕೂಲಿ, ಕಟ್ಟಿಗೆ, ತಮ್ಮ ದುಡಿಮೆ ಎಲ್ಲ ಸೇರಿಸಿ ನೂರು ಹಪ್ಪಳದ ಒಂದು ಕಟ್ಟಿಗೆ ಎಷ್ಟು ಬೀಳುತ್ತದೆ ಅಂತ ಬರೆದು ನೋಡಬಹುದು. ಅಕ್ಕ ಇಷ್ಟು ದಿನ ತಮ್ಮ ಕೂಲಿಯನ್ನೇ ಹಿಡಿದಿರಲಿಲ್ಲ.

ಉಳಿದದ್ದು ಮಳೆಯ ಮಾತು. ಮೇಲಿನ ಮನೆಯವರಲ್ಲಿ ಅಡಿಕೆ ಒಣಗಿಸುವ ಡ್ರೈಯರ್ ಇದೆ. ಅಡಿಕೆ ಕೊಯ್ಲು ಶುರುವಾಗುವುದು ಮಳೆಗಾಲ ಮುಗಿಯುವ ಹೊತ್ತಿಗೆ, ಜೂನ್‌ನಲ್ಲಿ ಅದು ಖಾಲಿ ಬಿದ್ದಿರುತ್ತದೆ. ಕಟ್ಟಿಗೆ ನಮ್ಮದು, ಬಾಡಿಗೆ ಇಷ್ಟು ಅಂತ ಮಾತಾಡಿ ನೋಡುವ ಅಂದೆ.

"ಹೊಗೆ ವಾಸನೆ ಹಿಡಿದರೆ ಹಪ್ಪಳ ಯಾರು ತಿಂತಾರೆ?" ಅಂದರು ಅಕ್ಕ, ತಕ್ಷಣ.

"ಅವರದ್ದು ಹೊಗೆ ಕೊಳವೆಯಲ್ಲಿ ಹೊರಗೆ ಹೋಗುವಂಥದ್ದು. ಬರೀ ಬಿಸಿಗಾಳಿ ಮೇಲೆ ಬರ್ತದೆ."

"ತಟ್ಟೆಯಲ್ಲಿ ಅಡಿಕೆಯ ಚೊಗರು ಅಂಟಿರ್ತದಲ್ಲ?"

ತೊಳೆದು, ಬಾಳೆಲೆ ಹಾಸಿ, ಮೊದಲು ಇಪ್ಪತ್ತು ಹಪ್ಪಳ ಮಾತ್ರ ಇಟ್ಟು ನೋಡುವುದು ಅಂತಾಯಿತು. ಬಾಳೆಲೆ ಬಿಸಿಗೆ ಬಾಡಿ ಹಪ್ಪಳಕ್ಕೇ ಅಂಟೀತು, ತೆಳು ಹತ್ತಿ ಬಟ್ಟೆಯೇ ವಾಸಿ ಅನ್ನುವುದು ಅಕ್ಕನ ವಾದ. ಬಟ್ಟೆ ನಾನು ಕೊಡುತ್ತೇನೆ ಅಂದಿದ್ದೇನೆ.