ಸೊಕ್ಕಾನ ಸೊಕ್ಕು

ನಮ್ಮ ಮನೆತನದಲ್ಲಿ ಒಬ್ಬೊಬ್ಬರಿಗೆ ಒಂದೊಂದು ವಿದ್ಯೆ ಒಲಿದಿದೆ. ಅಕ್ಕ ಹಾಡುತ್ತಾಳೆ. ಮದುವೆ ಮನೆಯಲ್ಲಿ ಅವಳು ದನಿ ತೆಗೆದರೆ ಅಡುಗೆ ಭಟ್ಟರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅಣ್ಣ ಚಕ್ರಬಡ್ಡಿಯ ಲೆಕ್ಕವನ್ನು ಬಾಯಲ್ಲೇ ಹಾಕುತ್ತಾನೆ. ಸೋದರತ್ತೆಯ ಮಗಳು ಕೋಲು ನೆಟ್ಟರೂ ಚಿಗುರುತ್ತದೆ. ನನಗೆ ಒಲಿದದ್ದು ಲಗೇಜು ಎಣಿಸುವ ವಿದ್ಯೆ. ನಮ್ಮ ಕಡೆಯವರು ಎಲ್ಲಿಗೆ ಹೊರಟರೂ ಬಸ್ ಸ್ಟ್ಯಾಂಡಿನಲ್ಲಿ, ರೈಲಿನಲ್ಲಿ, ಛತ್ರದ ಬಾಗಿಲಲ್ಲಿ "ಒಂದು, ಎರಡು, ಮೂರು" ಎನ್ನುತ್ತಾ ಬ್ಯಾಗುಗಳ ತಲೆ ಮುಟ್ಟಿಕೊಂಡು ಓಡಾಡುವವನು ನಾನು. ಒಮ್ಮೆ ಹದಿನಾಲ್ಕು ಇರಬೇಕಾದ ಕಡೆ ಹದಿಮೂರೇ ಸಿಕ್ಕಿ, ಅರಸೀಕೆರೆ ಪ್ಲಾಟ್‌ಫಾರಮ್ಮಿನಲ್ಲಿ ದೊಡ್ಡ ರಂಪ ಮಾಡಿದ್ದೆ. ಹದಿನಾಲ್ಕನೆಯದು ನನ್ನ ಹೆಗಲಿಗೇ ನೇತುಬಿದ್ದಿತ್ತು.

ಹೋದ ಏಪ್ರಿಲ್ ರಜೆಯಲ್ಲಿ ಮಗಳು ಕಾಲು ಉಳುಕಿಸಿಕೊಂಡು ಸೋಫಾ ಹಿಡಿದಳು. ಸೋಫಾ ಹಿಡಿದವರಿಗೇ ರಿಮೋಟು ಎನ್ನುವುದು ನಮ್ಮ ಮನೆಯ ಕಾನೂನು. ಅವಳು ಹಾಕಿದ್ದು 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್' ಎಂಬ ಕಾರ್ಟೂನು. ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅಮ್ಮ ಹೆಸರು ಕೇಳಿ, ದಶಾವತಾರವೇ ಇರಬೇಕೆಂದು ಮೊರದ ಸಮೇತ ಹಾಲಿಗೆ ಬಂದು ಕೂತಳು. ನಾನು ಅದೇ ಹೆಸರಿನ ಸಿನಿಮಾದ ನೀಲಿ ಮೈಯ, ಬಾಲವಿರುವ ಜನ ಬರುತ್ತಾರೆಂದು ಕಾದೆ. ಎರಡೂ ಅಲ್ಲ.

ಮೈಕೆಲ್ ಡಾಂಟೆ ಡಿಮಾರ್ಟಿನೊ, ಬ್ರಯನ್ ಕೊನಿಯೆಟ್ಸ್ಕೊ ಎಂಬಿಬ್ಬರು ಅಮೆರಿಕದ ನಿಕೆಲೋಡಿಯನ್ ಚಾನೆಲ್ಲಿಗೆಂದು ಮಾಡಿದ ಸರಣಿ ಅದು. 2005ರಿಂದ 2008ರವರೆಗೆ 61 ಕಂತು. ನೀರು, ಮಣ್ಣು, ಬೆಂಕಿ ಎಂದು ಮೂರು ಕಾಂಡ. ಆ ಲೋಕದಲ್ಲಿ ನೀರು, ಮಣ್ಣು, ಬೆಂಕಿ, ಗಾಳಿಗೆ ಒಂದೊಂದು ನಾಡು. ಕೆಲವರು ಹುಟ್ಟುತ್ತಲೇ ತಮ್ಮ ನಾಡಿನ ಭೂತವನ್ನು ಕೈಸನ್ನೆಯಲ್ಲಿ ಆಡಿಸುವ ಶಕ್ತಿ ಪಡೆದಿರುತ್ತಾರೆ. ಅದಕ್ಕೆ ಬೆಂಡಿಂಗ್ ಎನ್ನುತ್ತಾರೆ. ನಾಲ್ಕನ್ನೂ ಆಡಿಸಬಲ್ಲವನು ಒಬ್ಬನೇ, ಅವತಾರ. ಸತ್ತರೆ ಮತ್ತೆ ಹುಟ್ಟುತ್ತಾನೆ. ಈ ಸಲ ಹುಟ್ಟಿದವನು ಆಂಗ್ ಎಂಬ ಹನ್ನೆರಡು ವರ್ಷದ ಬೋಳುತಲೆ ಹುಡುಗ. "ಪಂಚಭೂತದಲ್ಲಿ ಆಕಾಶ ಬಿಟ್ಟೇಬಿಟ್ಟಿದಾರಲ್ಲೋ" ಎಂದು ಅಮ್ಮ ಆಕ್ಷೇಪ ಎತ್ತಿದಳು. ಆದರೂ ಎದ್ದು ಹೋಗಲಿಲ್ಲ.

ಲೋಕೋದ್ಧಾರ ಆಂಗ್‌ನ ಪಾಲಿನದು, ಅದು ಅವನಿಗಿರಲಿ. ನನ್ನ ಕಣ್ಣು ನೆಟ್ಟಿದ್ದು ಪಕ್ಕದಲ್ಲಿ ಕೂತ ಹದಿನೈದರ ಹುಡುಗನ ಮೇಲೆ. ಹೆಸರು ಸೊಕ್ಕಾ. ಹೆಸರಿಟ್ಟವರಿಗೆ ಕನ್ನಡ ಗೊತ್ತಿರಲಾರದು, ಆದರೂ ಇಷ್ಟು ಸರಿಯಾಗಿ ಹೆಸರಿಟ್ಟಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವನ ತಂಗಿ ಕಟಾರಾ ನೀರನ್ನು ಆಡಿಸುತ್ತಾಳೆ. ಆಂಗ್ ಗಾಳಿಯಲ್ಲಿ ತೇಲುತ್ತಾನೆ. ಆಮೇಲೆ ಜೊತೆ ಸೇರುವ ಟಾಫ್ ಎಂಬ ಕಣ್ಣಿಲ್ಲದ ಹುಡುಗಿ ಬಂಡೆಗಳನ್ನು ಕಡುಬಿನಂತೆ ಎತ್ತಿ ಎಸೆಯುತ್ತಾಳೆ. ಸೊಕ್ಕಾನಿಗೆ ಏನೂ ಬರುವುದಿಲ್ಲ. ನಕ್ಷೆ ಬಿಡಿಸಿ ನೋಡುತ್ತಾನೆ, ಪ್ರಯಾಣದ ವೇಳಾಪಟ್ಟಿ ಹಾಕುತ್ತಾನೆ, ಊಟ ಎಷ್ಟು ಹೊತ್ತಿಗೆ ಎಂದು ಕೇಳುತ್ತಾನೆ.

"ಅಪ್ಪಾ, ಇದು ನೀನೇ" ಎಂದಳು ಮಗಳು.

ನಾನು ಪ್ರತಿಭಟಿಸುವಷ್ಟರಲ್ಲಿ ಪರದೆಯ ಮೇಲೆ ನನ್ನ ಮಾನ ಇನ್ನಷ್ಟು ಹೋಯಿತು. ಅಣ್ಣ ತಂಗಿ ದೋಣಿಯಲ್ಲಿ ಮೀನು ಹಿಡಿಯಲು ಹೊರಟಿದ್ದಾರೆ. ದೋಣಿ ಹಿಮಕ್ಕೆ ಸಿಕ್ಕಿ ಪುಡಿಯಾಗುತ್ತದೆ. ಹೆಣ್ಣನ್ನು ಕರೆತಂದರೆ ಹೀಗೇ ಆಗುವುದು ಎಂಬರ್ಥದಲ್ಲಿ ಸೊಕ್ಕಾ ಗೊಣಗುತ್ತಾನೆ. ಕಟಾರಾಳಿಗೆ ರೇಗುತ್ತದೆ. ಅಮ್ಮ ಹೋದ ಮೇಲೆ ಮನೆಗೆಲಸವೆಲ್ಲ ತನ್ನ ತಲೆಗೇ ಬಿತ್ತು, ನಿನ್ನ ಕೊಳಕು ಸಾಕ್ಸಿನ ನಾತ ನೀನು ಎಂದಾದರೂ ಮೂಸಿದ್ದೀಯಾ ಎಂದು ಕೈ ಬೀಸಿ ಬೀಸಿ ಬೈಯುತ್ತಾಳೆ. ಒಂದೊಂದು ಬೀಸಿಗೂ ಬೆನ್ನ ಹಿಂದಿನ ಹಿಮಗುಡ್ಡ ಸೀಳುತ್ತದೆ, ಒಳಗೆ ನೂರು ವರ್ಷದಿಂದ ಹೆಪ್ಪುಗಟ್ಟಿದ್ದ ಆಂಗ್ ಹೊರಬರುವುದು ಹಾಗೆ. ಲೆಕ್ಕ ಹಾಕಿದರೆ, 61 ಕಂತಿನ ಇಡೀ ಮಹಾಕಥೆ ಶುರುವಾಗಿರುವುದು ಒಬ್ಬ ಗಂಡಸಿನ ಸಾಕ್ಸ್‌ನಿಂದ. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಸಟ್ಟನೆ ನಿಂತಿತು. "ಏನಂದ್ಲು ಅವಳು? ಇನ್ನೊಂದ್ಸಲ ಹಾಕು" ಎಂದಿತು ನನ್ನ ಹೆಂಡತಿಯ ಧ್ವನಿ. ಮಗಳು ಹಾಕಿದಳು. ಆ ಸಂಜೆ ನಾನು ಸಾಕ್ಸ್ ತೊಳೆದುಕೊಂಡೆ. ಪಾತ್ರೆ ಸೋಪಿನಲ್ಲಿ ತೊಳೆದೆನೆಂದು ಅದಕ್ಕೂ ಬೈಸಿಕೊಂಡೆ.

ಊರಿನ ಗಂಡಸರೆಲ್ಲ ಬೆಂಕಿ ನಾಡಿನ ವಿರುದ್ಧದ ಯುದ್ಧಕ್ಕೆ ಹೋಗಿದ್ದಾರೆ, ಸೊಕ್ಕಾನ ಅಪ್ಪನೂ ಸೇರಿ. ಹಿಮದ ಹಟ್ಟಿಯಲ್ಲಿ ಉಳಿದ ಒಬ್ಬನೇ 'ಗಂಡಸು' ಇವನು. ಮೂಗು ಸುರಿಸುವ ಪುಟ್ಟ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಯುದ್ಧದ ಪಾಠ ಹೇಳುತ್ತಾನೆ. ಯೋಧರಿಗೆ ಉಚ್ಚೆ ಬರುತ್ತದೆ, ಎಲ್ಲರಿಗೂ ಒಟ್ಟಿಗೇ. ಅಮ್ಮ ಮೊರ ಕುಟ್ಟಿದಳು: "ಉತ್ತರಕುಮಾರ! ಉತ್ತರನ ಪೌರುಷ ಒಲೆ ಮುಂದೆ."

ನಿಜ, ಅಕ್ಷರಶಃ ಅವನೇ. ಆದರೆ ಎರಡನೆಯ ಕಂತಿನಲ್ಲಿ ಅಮ್ಮನ ಗಾದೆ ಕೈಕೊಟ್ಟಿತು. ಬೆಂಕಿ ನಾಡಿನ ರಾಜಕುಮಾರ ಜುಕೋನ ಉಕ್ಕಿನ ಹಡಗು ಹಿಮ ಸೀಳಿಕೊಂಡು ಹಟ್ಟಿಯ ಮೇಲೇ ಬರುತ್ತದೆ. ಸೊಕ್ಕಾ ಮುಖಕ್ಕೆ ಯುದ್ಧದ ಬಣ್ಣ ಬಳಿದುಕೊಂಡು ಹಿಮದ ಗೋಡೆಯ ಮೇಲೆ ಒಬ್ಬನೇ ನಿಲ್ಲುತ್ತಾನೆ. ಗೋಡೆ ಕುಸಿಯುತ್ತದೆ, ಇವನು ಕದಲುವುದಿಲ್ಲ. ಗದೆ ಎತ್ತಿ ನುಗ್ಗಿದರೆ ಜುಕೋ ಒಂದೇ ಒದೆತಕ್ಕೆ ಉರುಳಿಸುತ್ತಾನೆ. ಈಟಿ ಹಿಡಿದು ನುಗ್ಗಿದರೆ ಅದನ್ನೇ ಮುರಿದು ಅದರ ತುಂಡಿನಿಂದಲೇ ಇವನ ತಲೆಗೆ ಟಪಟಪ ಕುಟ್ಟುತ್ತಾನೆ. ಎಸೆದ ಬೂಮರಾಂಗ್ ಗುರಿ ತಪ್ಪುತ್ತದೆ. ಹೋಯಿತು ಎಂದುಕೊಳ್ಳುವಷ್ಟರಲ್ಲಿ ತಿರುಗಿ ಬಂದು ಜುಕೋನ ಹೆಲ್ಮೆಟ್ಟಿನ ಹಿಂಬದಿಗೆ ಠಣ್ ಎಂದು ಬಡಿಯುತ್ತದೆ. ಇಡೀ ಕಾಳಗದಲ್ಲಿ ಇವನ ಗಳಿಕೆ ಅದೊಂದು ಠಣ್. ವಿರಾಟನ ಮಗ ಕೌರವರ ಸೇನೆ ನೋಡಿ ರಥದಿಂದ ಹಾರಿ ಓಡಿದ, ಇವನು ಓಡಲಿಲ್ಲ. ಅಮ್ಮನ ಕೈ ಹುಣಸೆಹಣ್ಣಿನ ಮೇಲೆ ಹಾಗೇ ನಿಂತಿತ್ತು.

ನಾಲ್ಕನೆಯ ಕಂತನ್ನು ನಾನು ಎರಡು ಸಲ ನೋಡಿದೆ. ಕಿಯೋಶಿ ಎಂಬ ದ್ವೀಪದಲ್ಲಿ ಹಸಿರು ಉಡುಪಿನ, ಮುಖಕ್ಕೆ ಬಿಳಿ ಬಣ್ಣ ಬಳಿದ ಯೋಧರು ಇವರನ್ನೆಲ್ಲ ಕಟ್ಟಿಹಾಕುತ್ತಾರೆ. ಯೋಧರೆಲ್ಲ ಹುಡುಗಿಯರು. ಹುಡುಗಿಯರ ಕೈಲಿ ಸೋತೆನೆಂದು ನಂಬಲಾರದ ಸೊಕ್ಕಾ, ಅವರ ಗರಡಿಗೆ ಹೋಗಿ ಎದೆಯುಬ್ಬಿಸುತ್ತಾನೆ. ಅವರ ನಾಯಕಿ ಸುಕಿ ಅವನನ್ನು ಎತ್ತಿ ಒಗೆಯುತ್ತಾಳೆ. ಇಂಥ ದೃಶ್ಯ ನಾವೆಲ್ಲ ನೋಡಿದ್ದೇ. ಅಲ್ಲಿಗೆ ನಕ್ಕು ಮುಗಿಸುತ್ತಾರೆ. ಇಲ್ಲಿ ಮುಗಿಯುವುದಿಲ್ಲ. ಸೊಕ್ಕಾ ತಿರುಗಿ ಬರುತ್ತಾನೆ, ಮಂಡಿಯೂರುತ್ತಾನೆ, ಕಲಿಸಿಕೊಡು ಎನ್ನುತ್ತಾನೆ. ಕಲಿಯುವುದಾದರೆ ನಮ್ಮ ಪದ್ಧತಿಯೆಲ್ಲ ನಿನಗೂ ಅನ್ವಯ ಎನ್ನುತ್ತಾಳೆ ಸುಕಿ. ಮುಂದಿನ ದೃಶ್ಯದಲ್ಲಿ ನಮ್ಮ ವೀರ ಅದೇ ಹಸಿರು ಲಂಗ ಉಟ್ಟು, ಕೆಂಪು ಕಾಡಿಗೆ ತೀಡಿಕೊಂಡು, ಬೀಸಣಿಗೆ ಹಿಡಿದು ನಿಂತಿದ್ದಾನೆ. ಅಮ್ಮ ಬಿದ್ದು ಬಿದ್ದು ನಕ್ಕಳು. "ಅಲ್ಲಿ ಸೀರೆ ಉಟ್ಟಿದ್ದು ಸಾರಥಿ ಬೃಹನ್ನಳೆ. ಇಲ್ಲಿ ಉತ್ತರನಿಗೇ ಉಡಿಸಿದಾರಲ್ಲೋ!"

ಹೊರಡುವಾಗ ಅವನು ಸುಕಿಯ ಹತ್ತಿರ ತಪ್ಪೊಪ್ಪಿಕೊಳ್ಳುತ್ತಾನೆ: ನಿನ್ನನ್ನು ಯೋಧಳೆಂದು ಕಾಣಬೇಕಿತ್ತು, ಬರೀ ಹುಡುಗಿಯೆಂದು ಕಂಡೆ. ತಾನು ಯೋಧಳೂ ಹೌದು, ಹುಡುಗಿಯೂ ಹೌದು ಎಂದು ಅವಳು ತಿದ್ದಿ, ಕೆನ್ನೆಗೊಂದು ಮುತ್ತಿಡುತ್ತಾಳೆ. ನನಗೆ ಆ ಮುತ್ತಿಗಿಂತ ಆ ಒಪ್ಪಿಗೆ ಬೆರಗು ತಂದಿತು. ನಮ್ಮ ಮನೆಯ ಗಂಡಸರ ಬಾಯಲ್ಲಿ 'ತಪ್ಪಾಯ್ತು' ಎಂಬ ಶಬ್ದ ಬಂದ ದಾಖಲೆಯೇ ಇಲ್ಲ. ತಾತ ಅಜ್ಜಿಯ ಮೇಲೆ ಕೂಗಾಡಿದ ಮಾರನೇ ದಿನ ಹಲಸಿನಹಣ್ಣು ಹೊತ್ತು ತರುತ್ತಿದ್ದರು. ಹಣ್ಣಿನ ಗಾತ್ರ ನೋಡಿ ತಪ್ಪಿನ ಗಾತ್ರ ತಿಳಿಯಬಹುದಿತ್ತು. ಅಪ್ಪನ ಕಾಲಕ್ಕೆ ಅದು ಒಂದು ಮೊಳ ಮಲ್ಲಿಗೆಗೆ ಇಳಿಯಿತು. ನಾನು "ಕಾಫಿ ಮಾಡ್ಲಾ?" ಎಂದು ಕೇಳುತ್ತೇನೆ, ಅಷ್ಟೇ. ಮಾಡಿದ್ದು ಕಡಿಮೆ.

ಮಗಳು ಹೇಳಿದ್ದು: ಈ ಕಥೆಯನ್ನು ಆಮೇಲೆ ಎರಡು ಸಲ ನಿಜ ನಟರನ್ನಿಟ್ಟು ತೆಗೆದಿದ್ದಾರಂತೆ. 2010ರಲ್ಲಿ ನೈಟ್ ಶ್ಯಾಮಲನ್ ಮಾಡಿದ ಸಿನಿಮಾದಲ್ಲಿ ಸೊಕ್ಕಾ ನಗಿಸುವುದನ್ನೇ ಬಿಟ್ಟಿದ್ದಾನೆ. 2024ರ ನೆಟ್‌ಫ್ಲಿಕ್ಸ್ ಸರಣಿಯಲ್ಲಿ ಅವನ ಗಂಡಸ್ತನದ ಹಮ್ಮನ್ನು ಮೊದಲೇ ಸೋಸಿ ತೆಳ್ಳಗೆ ಮಾಡಿದ್ದಾರೆ. ಎರಡನ್ನೂ ಸ್ವಲ್ಪ ಸ್ವಲ್ಪ ನೋಡಿದೆ. ಒಂದರಲ್ಲಿ ಉಪ್ಪಿಲ್ಲ, ಇನ್ನೊಂದರಲ್ಲಿ ಹುಳಿಯಿಲ್ಲ. ಸೊಕ್ಕೇ ಇಲ್ಲದ ಸೊಕ್ಕಾನಿಗೆ ಇಳಿಯುವುದಾದರೂ ಏನು?

ಮೂಲದಲ್ಲಿ ಅದು ಒಂದೇ ಸಲಕ್ಕೆ ಇಳಿಯುವುದೂ ಇಲ್ಲ. ಎರಡು ಹೆಜ್ಜೆ ಇಳಿದು ಒಂದು ಹತ್ತುತ್ತದೆ. ಮರುಭೂಮಿಯಲ್ಲಿ ಕಳ್ಳಿಯ ರಸ ಕುಡಿದು ತಲೆಕೆಟ್ಟು ಕುಣಿಯುತ್ತಾನೆ. ಇವನೇ ಹಳೆಯ ಗ್ರಂಥಾಲಯವೊಂದರಲ್ಲಿ ಸೂರ್ಯಗ್ರಹಣದ ಲೆಕ್ಕ ಹಿಡಿದು ಬೆಂಕಿ ನಾಡಿನವರ ಶಕ್ತಿ ಯಾವಾಗ ಉಡುಗುತ್ತದೆಂದು ಕಂಡುಹಿಡಿದವನು; ಆ ಹೊತ್ತಿಗೆಂದು ಹೂಡಿದ ದಾಳಿಯ ಯೋಜನೆಯನ್ನು ಸೇನೆಗೆ ವಿವರಿಸಲು ನಿಂತಾಗ ಕೈಕಾಲು ನಡುಗಿ, ಯೋಜನೆ ಬಿಟ್ಟು ಮೊದಲಿನಿಂದ ತಮ್ಮ ಕಥೆಯನ್ನೇ ಹೇಳತೊಡಗುತ್ತಾನೆ. ಕೊನೆಗೆ ಅಪ್ಪ ಎದ್ದು ಬಂದು ಕಾಪಾಡಬೇಕಾಗುತ್ತದೆ. ದಾಳಿಯೂ ಸೋಲುತ್ತದೆ. ಮೊದಲು ಪ್ರೀತಿಸಿದ ರಾಜಕುಮಾರಿ ಯೂ ಲೋಕಕ್ಕಾಗಿ ಪ್ರಾಣ ಕೊಟ್ಟು ಚಂದ್ರನೇ ಆಗಿಬಿಡುತ್ತಾಳೆ. ಎಷ್ಟೋ ಕಂತಿನ ಮೇಲೆ ಅದನ್ನವನು, ಅಷ್ಟೊತ್ತಿಗೆ ಇವರ ಕಡೆಗೇ ಸೇರಿದ್ದ ಜುಕೋನಿಗೆ ಹೇಳಿಕೊಂಡಾಗ, ಆ ಪುಣ್ಯಾತ್ಮ ಏನು ಹೇಳಬೇಕೆಂದು ತೋಚದೆ 'ಕಷ್ಟವೇ ಮಾರಾಯ' ಎಂಬಂಥದ್ದೊಂದು ಮಾತು ಹೇಳಿ ಸುಮ್ಮನಾಗುತ್ತಾನೆ. ನನಗೂ ಅದಕ್ಕಿಂತ ಒಳ್ಳೆಯ ಮಾತು ಹೊಳೆಯಲಿಲ್ಲ.

ಮೂರನೆಯ ಕಾಂಡದಲ್ಲಿ ನನ್ನ ಕಂತು ಬಂತು. ಆಕಾಶದಿಂದ ಉಲ್ಕೆ ಬಿದ್ದು ಕಾಡಿಗೆ ಬೆಂಕಿ ಹತ್ತುತ್ತದೆ. ಮೂವರು ಜಾದೂಗಾರರು ಆರಿಸಲು ಓಡುತ್ತಾರೆ. ಸೊಕ್ಕಾನಿಗೆ ಕೊಟ್ಟ ಕೆಲಸ, ಸಾಕಿದ ಪ್ರಾಣಿಯನ್ನು ನೋಡಿಕೊಳ್ಳುವುದು. ಅವನ ಮುಖ ನೋಡಿದೊಡನೆ ನನಗೆ ಅರಸೀಕೆರೆ ನೆನಪಾಯಿತು. ತನಗೇನೂ ಬರುವುದಿಲ್ಲ ಎಂದು ಕೊರಗುವ ಅವನನ್ನು ಉಳಿದವರು ಅಂಗಡಿಗೆ ಕರೆದೊಯ್ಯುತ್ತಾರೆ, ಆಮೇಲೆ ಪಿಯಾಂಡಾವೊ ಎಂಬ ಕತ್ತಿವಿದ್ಯೆಯ ಗುರುವಿನ ಹತ್ತಿರ ಬಿಡುತ್ತಾರೆ. ಗುರು ಕತ್ತಿಗಿಂತ ಮೊದಲು ಕುಂಚ ಕೊಟ್ಟು, ಹಾಳೆಯ ಮೇಲೆ ನಿನ್ನ ಗುರುತು ಮೂಡಿಸು ಎನ್ನುತ್ತಾನೆ. ಇವನು ಮುಖಕ್ಕೇ ಶಾಯಿ ಮೆತ್ತಿಕೊಂಡು ಹಾಳೆಗೆ ಒತ್ತುತ್ತಾನೆ. ಕಲ್ಲು ಜೋಡಿಸಿ ತೋಟ ಮಾಡು ಎಂದರೆ ಕಲ್ಲಿನಲ್ಲೇ ಆರಾಮಕುರ್ಚಿ ಮಾಡಿ ಒರಗುತ್ತಾನೆ. ಗುರು ಬೈಯುವುದಿಲ್ಲ. ಇವನ ತಲೆ ಓಡುವ ದಾರಿ ಬೇರೆ ಎಂದು ಗುರುತಿಸುತ್ತಾನೆ. ಅದೇ ಉಲ್ಕೆಯ ಲೋಹದಿಂದ ಕಪ್ಪು ಕತ್ತಿ ತಯಾರಾಗುತ್ತದೆ. ಮೇಷ್ಟ್ರುಗಳು ಈ ಒಂದು ಕಂತು ನೋಡಲೇಬೇಕು. ನನ್ನ ಗಣಿತದ ಮೇಷ್ಟ್ರು ನೋಡಿದ್ದರೆ ನನ್ನ ಕಿವಿ ಈಗಿನಷ್ಟು ಉದ್ದ ಇರುತ್ತಿರಲಿಲ್ಲ.

ಅತ್ತ ಇವನಿಲ್ಲದೆ ಲೋಕೋದ್ಧಾರಕರು ಹುಲ್ಲಿನ ಮೇಲೆ ಬಿದ್ದುಕೊಂಡು ಬೇಸರದಿಂದ ಹೊರಳಾಡುತ್ತಿರುತ್ತಾರೆ. ನಕ್ಷೆ ಓದಲು ಬರುವವರಿಲ್ಲ, ಮುಂದೇನೆಂದು ಹೇಳುವವರಿಲ್ಲ. ಕಟಾರಾ ಒಂದು ಜೋಕು ಪ್ರಯತ್ನಿಸುತ್ತಾಳೆ, ಯಾರೂ ನಗುವುದಿಲ್ಲ. ಇಲ್ಲಿ ನಾನು ಟಿವಿ ನಿಲ್ಲಿಸಿ ಮನೆಯವರಿಗೆಲ್ಲ ನೆನಪಿಸಿದೆ: ನಾನು ಜ್ವರದಲ್ಲಿ ಮಲಗಿದ್ದ ವರ್ಷ ಇವರೆಲ್ಲ ಧರ್ಮಸ್ಥಳಕ್ಕೆ ಹೋಗಿ ಬಂದಾಗ ಒಂದು ಬ್ಯಾಗು ಹೆಚ್ಚಿಗೆ ಬಂದಿತ್ತು. ಯಾರದೋ ಪಂಚೆ, ಯಾರದೋ ಬಿಪಿ ಮಾತ್ರೆ. "ಅಪ್ಪಾ, ಪ್ಲೇ ಮಾಡು" ಎಂದಳು ಮಗಳು.

ಇನ್ನೊಂದು ಕಂತಿನಲ್ಲಿ ಬೆಟ್ಟದ ಅಂಚಿನಲ್ಲಿ ಕೂತು ಸೊಕ್ಕಾ ಟಾಫ್‌ಗೆ ಒಂದು ಗುಟ್ಟು ಹೇಳುತ್ತಾನೆ. ಸತ್ತ ಅಮ್ಮನನ್ನು ನೆನೆಯಲು ಹೋದರೆ ಅಮ್ಮನ ಮುಖ ಬರುವುದಿಲ್ಲ, ಕಟಾರಾಳ ಮುಖವೇ ಬರುತ್ತದೆ. ಸಾಕ್ಸ್ ತೊಳೆದು ತೊಳೆದು ಅವಳು ಅವನಿಗೆ ಏನಾಗಿದ್ದಳೆಂದು ಅವನಿಗೆ ಕೊನೆಗೂ ಹೊಳೆದಿದೆ. ಈ ಸಲ ಅಡುಗೆಮನೆಯಿಂದ ಯಾವ ಮಾತೂ ಬರಲಿಲ್ಲ.

ಕೊನೆಯ ಯುದ್ಧ ಆಕಾಶದಲ್ಲಿ. ಊರುಗಳನ್ನು ಸುಡಲು ಹೊರಟ ಹಾರುವ ಹಡಗುಗಳಲ್ಲಿ ಒಂದನ್ನು ಸೊಕ್ಕಾ, ಸುಕಿ, ಟಾಫ್ ಮೂವರೇ ವಶಪಡಿಸಿಕೊಳ್ಳಬೇಕು. ಸೊಕ್ಕಾ ಮಾತಿನ ಕೊಳವೆ ಹಿಡಿದು ಕ್ಯಾಪ್ಟನ್ನಿನ ದನಿಯಲ್ಲಿ ಸಾರುತ್ತಾನೆ: ಎಲ್ಲರೂ ಕೆಳಗಿನ ಕೋಣೆಗೆ ಬನ್ನಿ, ಹುಟ್ಟುಹಬ್ಬವಿದೆ, ಬಿಸಿ ಬಿಸಿ ಕೇಕು ಇದೆ. ಸೈನಿಕರೆಲ್ಲ ಸೇರುತ್ತಾರೆ. ಅವತ್ತು ನಿಜವಾಗಿಯೂ ಹುಟ್ಟುಹಬ್ಬವಿದ್ದ ಒಬ್ಬ, ಕ್ಯಾಪ್ಟನ್ ನೆನಪಿಟ್ಟುಕೊಂಡರಲ್ಲ ಎಂದು ಕರಗಿಹೋಗುತ್ತಾನೆ. ಆಮೇಲೆ ನೆಲದ ಬಾಗಿಲು ತೆರೆದುಕೊಳ್ಳುತ್ತದೆ, ಎಲ್ಲರೂ ಸಮುದ್ರಕ್ಕೆ. ಒಂದೇ ಒಂದು ಕಿಡಿ ಹಾರಲಿಲ್ಲ, ಒಂದು ಜೋಕಿನಲ್ಲಿ ಹಡಗು ಖಾಲಿ. ಮೊದಲ ದಿನದ ಪೋಲಿ ತಲೆಯೇ ಅದು, ಬದಲಾಗಿಲ್ಲ. ಈಗ ಅದಕ್ಕೆ ಕೆಲಸ ಸಿಕ್ಕಿದೆ.

ಸ್ವಲ್ಪ ಹೊತ್ತಿಗೆ ಅವನು ಕಾಲು ಮುರಿದುಕೊಂಡು ಹಡಗಿನ ಅಂಚಿನಲ್ಲಿ ಬಿದ್ದಿದ್ದಾನೆ. ಒಂದು ಕೈಯಲ್ಲಿ ನೇತಾಡುತ್ತಿರುವ ಟಾಫ್. ಇನ್ನೊಂದು ಕೈಯಿಂದ, ಮೇಲೇರಿ ಬರುವ ಸೈನಿಕರಲ್ಲಿ ಒಬ್ಬನಿಗೆ ಬೂಮರಾಂಗ್ ಬೀಸುತ್ತಾನೆ, ಇನ್ನೊಬ್ಬನಿಗೆ ತಾನು ಅಷ್ಟು ಮುದ್ದಿಸುತ್ತಿದ್ದ ಉಲ್ಕೆಯ ಕತ್ತಿಯನ್ನೇ ಎಸೆಯುತ್ತಾನೆ. ಬೂಮರಾಂಗ್ ಈ ಸಲ ತಿರುಗಿ ಬರುವುದಿಲ್ಲ. ಅದು ಅವನಿಗೂ ಗೊತ್ತು. ಹಿಡಿದ ಕೈಯನ್ನು ಮಾತ್ರ ಬಿಡುವುದಿಲ್ಲ. ಕೆಳಗಿನಿಂದ ಇನ್ನೊಂದು ಹಡಗು ಓಡಿಸಿಕೊಂಡು ಬಂದು ಇಬ್ಬರನ್ನೂ ಉಳಿಸುವವಳು ಸುಕಿ.

ಅಮ್ಮ ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: "ಉತ್ತರ ಎಲ್ಲಿ ಸತ್ತ ಗೊತ್ತೇನೋ? ಕುರುಕ್ಷೇತ್ರದಲ್ಲಿ. ಮೊದಲನೇ ದಿನವೇ. ಆನೆ ಹತ್ತಿ ಶಲ್ಯನ ಮೇಲೆ ಏರಿಹೋಗಿದ್ದ."

ನನಗೆ ಗೊತ್ತಿರಲಿಲ್ಲ. ಒಲೆಯ ಮುಂದಿನಿಂದ ಎದ್ದು ಆನೆ ಹತ್ತುವವರೆಗೆ ಆ ಹುಡುಗನೂ ಅದೆಷ್ಟು ದೂರ ನಡೆದಿರಬೇಕು! ನಾವು ಮಾತ್ರ ಗಾದೆ ಕಟ್ಟಿ ಅವನನ್ನು ಅಡುಗೆಮನೆಯಲ್ಲೇ ಕೂರಿಸಿಬಿಟ್ಟಿದ್ದೇವೆ. ಅವನಿಗೆ 61 ಕಂತು ಕೊಟ್ಟವರಿಲ್ಲ. ಅಮ್ಮ ಆಮೇಲೆ ಆ ಗಾದೆ ಹೇಳಿದ್ದನ್ನು ನಾನಂತೂ ಕೇಳಿಲ್ಲ. ನನ್ನ ಮೇಲೆ ಪ್ರಯೋಗಿಸಲು ಬೇರೆ ಗಾದೆಗಳು ಅವಳ ಹತ್ತಿರ ಬೇಕಾದಷ್ಟಿವೆ.

ಯುದ್ಧ ಮುಗಿದು ಎಲ್ಲರೂ ಒಂದು ಚಹಾದಂಗಡಿಯಲ್ಲಿ ಸೇರಿದ್ದಾರೆ. ಸೊಕ್ಕಾ ಮೂಲೆಯಲ್ಲಿ ಕೂತು ಎಲ್ಲರ ಚಿತ್ರ ಬರೆಯುತ್ತಿದ್ದಾನೆ. ಇಷ್ಟೆಲ್ಲ ಬೆಳೆದವನ ಕೈ ಕುಂಚದ ವಿಷಯದಲ್ಲಿ ಒಂದು ನೂಲಿನಷ್ಟೂ ಬೆಳೆದಿಲ್ಲ. ಕಟಾರಾಳ ಜಡೆ ಪ್ರಾಣಿಯ ಕಿವಿಯಂತಿದೆ. ಜುಕೋನ ಕೂದಲು ಮುಳ್ಳುಹಂದಿ. ಬೆಂಡಿಂಗ್ ಬಾರದ ಸುಕಿಯ ಕೈಯಿಂದ ಬೆಂಕಿ ಹೊರಡುತ್ತಿದೆ. ಯಾಕೆಂದರೆ ಹಾಗೆ ಇನ್ನೂ ಗಮ್ಮತ್ತಾಗಿ ಕಾಣುತ್ತದಂತೆ. ಎಲ್ಲರೂ ಒಟ್ಟಿಗೆ ಗೊಣಗುತ್ತಿರುವಾಗ ಒಬ್ಬಳೇ ಒಬ್ಬಳು, ನೀವೆಲ್ಲ ಬಲು ಚೆನ್ನಾಗಿ ಬಂದಿದ್ದೀರಿ ಎಂದು ಹೊಗಳುತ್ತಾಳೆ.

ಟಾಫ್. ಕಣ್ಣಿಲ್ಲದವಳು. ಅಮ್ಮ ನಕ್ಕ ರಭಸಕ್ಕೆ ಮೊರ ಮಗುಚಿ, ಹುಣಸೆಬೀಜವೆಲ್ಲ ಸೋಫಾದಡಿಗೆ ಉರುಳಿತು. ಎಣಿಸಿ ತೆಗೆಯುವ ಕೆಲಸ ಯಾರ ಪಾಲಿಗೆ ಬಂತೆಂದು ಬೇರೆ ಹೇಳಬೇಕಿಲ್ಲ.