ಸೋಲೂರು ಸೂತ್ರ: ರೆಸಾರ್ಟ್ ಮೀಮಾಂಸೆಗೊಂದು ಕಿರುಭಾಷ್ಯ

ಅಧಿಕಾರ ದಪ್ಪಗಾದಷ್ಟೂ ಅದರ ನಡವಳಿ ಪುಸ್ತಕ ತೆಳ್ಳಗಾಗುತ್ತದೆ ಎಂಬುದು ಸೂತ್ರ. ಪ್ರಮಾಣ ಹುಡುಕಲು ರಾಮನಗರ ಸೀಮೆ ದಾಟಬೇಕಿಲ್ಲ. ಮಾಗಡಿ ಬಳಿಯ ಸೋಲೂರಿನಲ್ಲಿ ಒಂದು ಚರಂಡಿಗೆ ಚಪ್ಪಡಿ ಹಾಸಬೇಕೆಂದರೆ ಸಭೆಯ ನೋಟಿಸು, ಕೋರಂ, ಹಾಜರಾತಿ ಸಹಿ, ಠರಾವು ಎಲ್ಲವೂ ಆಗಬೇಕು. 1993ರ ಪಂಚಾಯತ್ ರಾಜ್ ಕಾಯ್ದೆ ಸುಮ್ಮನೆ ಬಿಡುವುದಿಲ್ಲ. ಬಿಡದಿಯ ಈಗಲ್‌ಟನ್ ರೆಸಾರ್ಟಿನಲ್ಲಾದರೋ ಸರ್ಕಾರವನ್ನೇ ಉಳಿಸಲು ಕೋಣೆಯ ಕೀಲಿ ಸಾಕು. 2017ರಲ್ಲಿ ಅಹ್ಮದ್ ಪಟೇಲರ ರಾಜ್ಯಸಭಾ ಚುನಾವಣೆಗೆ ಮುನ್ನ ಗುಜರಾತಿನ 40ಕ್ಕೂ ಹೆಚ್ಚು ಕಾಂಗ್ರೆಸ್ ಶಾಸಕರು ಇಲ್ಲಿ ತಪಸ್ಸಿಗೆ ಕುಳಿತರು. 2018ರ ಮೇ ತಿಂಗಳಲ್ಲಿ ನಮ್ಮವರೇ ಕುಳಿತರು. 1984ರಲ್ಲಿ ಎನ್.ಟಿ. ರಾಮರಾಯರ ಶಾಸಕರಿಗೆ ರಾಮಕೃಷ್ಣ ಹೆಗಡೆಯವರ ಕರ್ನಾಟಕ ಆಶ್ರಯ ಕೊಟ್ಟಿದ್ದನ್ನು ನೆನೆದರೆ, ಈ ವಿದ್ಯೆಯಲ್ಲಿ ಗುರುಪೀಠ ನಮ್ಮದೇ. (ಮತಭೇದವಿಲ್ಲ: 2019ರ ಜನವರಿಯಲ್ಲಿ ಕಾಂಗ್ರೆಸ್ಸಿನವರು ಬಿಡದಿಯಲ್ಲಿದ್ದರೆ ಬಿಜೆಪಿಯವರು ಗುರುಗ್ರಾಮದಲ್ಲಿದ್ದರು.)

ಪೂರ್ವಪಕ್ಷದವರು ಕೇಳುತ್ತಾರೆ: ಗೇಟಿನ ಮುಂದೆ ಟಿವಿ ವ್ಯಾನುಗಳು ಸಾಲುಗಟ್ಟಿರುವಾಗ ಇದು ಗುಟ್ಟು ಹೇಗಾದೀತು? ಆಕ್ಷೇಪ ನಮ್ಮ ಸಿದ್ಧಾಂತಕ್ಕೇ ಬಲ ತರುತ್ತದೆ. ತಿಂಡಿಗೆ ಇಡ್ಲಿಯೋ ದೋಸೆಯೋ ನಾಡಿಗೆಲ್ಲ ಗೊತ್ತು. ಬಿಲ್ಲು ಕಟ್ಟಿದವರಾರು, ಯಾರಿಗೆ ಯಾವ ಖಾತೆಯ ಮಾತು ಸಿಕ್ಕಿತು ಎಂಬುದು ಮಾತ್ರ ಪರಬ್ರಹ್ಮದಂತೆ ವಾಕ್ಕಿಗೂ ಮನಸ್ಸಿಗೂ ನಿಲುಕದು. ಲೋಕವನ್ನು ಮರೆಯಲ್ಲಿ ಆಳುವವರೆಂಬ ಅಪಖ್ಯಾತಿ ಹೊತ್ತ, 1954ರಲ್ಲಿ ನೆದರ್‌ಲ್ಯಾಂಡ್ಸಿನ ಹೋಟೆಲೊಂದರಲ್ಲಿ ಶುರುವಾದ ಬಿಲ್ಡರ್‌ಬರ್ಗ್ ಗೋಷ್ಠಿಯವರು ಕೂಡ ಈಗ ಬಂದವರ ಪಟ್ಟಿಯನ್ನೂ ಚರ್ಚೆಯ ವಿಷಯಗಳನ್ನೂ ಪ್ರಕಟಿಸುತ್ತಾರೆ. ಬಿಡದಿ ಅಂಥ ದೌರ್ಬಲ್ಯಕ್ಕೆ ಬಿದ್ದಿಲ್ಲ. ಮಾಹಿತಿ ಹಕ್ಕಿದೆಯಲ್ಲ ಎನ್ನುವಿರೋ, ಆರು ರಾಷ್ಟ್ರೀಯ ಪಕ್ಷಗಳು ಆ ಕಾಯ್ದೆಗೆ ಒಳಪಡುತ್ತವೆಂದು ಕೇಂದ್ರ ಮಾಹಿತಿ ಆಯೋಗ 2013ರಲ್ಲೇ ಆದೇಶಿಸಿತು. ಮಿಕ್ಕೆಲ್ಲದರಲ್ಲೂ ಕಚ್ಚಾಡುವ ಪಕ್ಷಗಳು ಅದನ್ನು ಪಾಲಿಸದಿರುವುದರಲ್ಲಿ ಒಮ್ಮತ ತೋರಿದವು.

ಪಕ್ಷಾಂತರ ನಿಷೇಧ ಕಾಯ್ದೆ 1985ರಿಂದಲೇ ಇರುವಾಗ ಈ ಕಾವಲೇಕೆ ಎಂಬ ಆಕ್ಷೇಪ ಇನ್ನೂ ಎಳಸು. ಕಾಯ್ದೆ ವಿಪ್ ಮೀರಿದವರನ್ನು ಹಿಡಿಯುತ್ತದೆ. 2019ರಲ್ಲಿ ರಾಜೀನಾಮೆ ಬರೆದು ಮುಂಬೈ ಹೋಟೆಲಿನಲ್ಲಿ ಕುಳಿತ ನಮ್ಮ ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದರೂ, ಸುಪ್ರೀಂ ಕೋರ್ಟು ಸ್ಪರ್ಧೆಗೆ ಅಡ್ಡಿಯಿಲ್ಲವೆಂದಿತು. ಹಲವರು ಅದೇ ಡಿಸೆಂಬರಿನ ಉಪಚುನಾವಣೆಯಲ್ಲಿ ಹೊಸ ಚಿಹ್ನೆಯಡಿ ಗೆದ್ದು ಬಂದರು. ಅಷ್ಟರೊಳಗೆ, 2019ರ ಜುಲೈ 23ರಂದು, 99ಕ್ಕೆ 105 ಮತಗಳಿಂದ ರಾಜ್ಯ ಸರ್ಕಾರ ಬಿದ್ದಾಗಿತ್ತು. ಬಹುಮತ ಸದನದಲ್ಲೇ ಸಾಬೀತಾಗಬೇಕೆಂದು ಬೊಮ್ಮಾಯಿ ಪ್ರಕರಣದ 1994ರ ತೀರ್ಪು ಹೇಳುತ್ತದೆ, ನಿಜ. ಅದು ಎಲ್ಲಿ ತಯಾರಾಗಬೇಕೆಂದು ಹೇಳುವುದಿಲ್ಲ.

ಸೂತ್ರಕ್ಕೆ ಒಂದು ಅಪವಾದ ಉಂಟು. ಭಾಷ್ಯಕಾರ ಅದನ್ನು ಮುಚ್ಚಿಡಬಾರದು. 2019ರ ಜನವರಿಯ ಬಿಡದಿ ಅಧಿವೇಶನದಲ್ಲಿ ರಾತ್ರಿ ಇಬ್ಬರು ಶಾಸಕರ ನಡುವೆ ಹೊಡೆದಾಟವಾಗಿ ಒಬ್ಬರು ಆಸ್ಪತ್ರೆ ಸೇರಿದರು. ಮೊದಲು ಎದೆನೋವೆಂಬ ಮಾತು ಬಂತು, ಆಮೇಲೆ ಬಿಡದಿ ಠಾಣೆಯಲ್ಲಿ ಎಫ್‌ಐಆರ್ ಆಯಿತು. ದಿನಾಂಕ, ವೇಳೆ, ಸ್ಥಳ, ಹೆಸರು ಬರೆಯಲು ಖಾನೆಗಳಿರುವ, ಯಾವ ಪಂಚಾಯಿತಿಯ ಪಿಡಿಒ ಬೇಕಾದರೂ ತಲೆದೂಗುವಂಥ ನಡವಳಿ ಅದು. ಆ ಇಡೀ ಕಲಾಪಕ್ಕೆ ಸಾರ್ವಜನಿಕರ ಕೈಗೆ ಸಿಕ್ಕಿದ್ದು ಅದೊಂದೇ.